ಗಾಳಿಯ ಲೆಕ್ಕ ಬರೆಯುವ ಕಲ್ಲುಹೂವು

ಗ್ರಂದಿಗೆ ಅಂಗಡಿಯಲ್ಲಿ ಚಕ್ರಮೊಗ್ಗು, ಮರಾಠಿ ಮೊಗ್ಗುಗಳ ಪಕ್ಕದ ಡಬ್ಬಿಯಲ್ಲಿ ಒಣಗಿದ ತರಗಿನಂಥ ಸಾಮಾನೊಂದು ಇರುತ್ತದೆ. ಒಂದು ಮಗ್ಗುಲು ಬೂದಿ ಬಣ್ಣ, ಇನ್ನೊಂದು ಮಗ್ಗುಲು ಕಪ್ಪು. ಕೈಗೆ ಹಗುರ, ಮೂಸಿದರೆ ಮಣ್ಣಿನ ವಾಸನೆ. ಬಿರಿಯಾನಿಗೂ ಪಲಾವಿಗೂ ಬೀಳುವ ಇದರ ಹೆಸರು ಕಲ್ಲುಹೂವು. ಹೆಸರಿನಲ್ಲಿ ಹೂವಿದ್ದರೂ ಇದು ಹೂವಲ್ಲ, ಯಾವ ಗಿಡದ ಎಲೆಯೂ ಅಲ್ಲ. ಮಳೆ ಹೆಚ್ಚು ಬೀಳುವ ಬೆಟ್ಟಸೀಮೆಯ ಮರಗಳ ತೊಗಟೆ ಮತ್ತು ಬಂಡೆಗಳ ಮೇಲೆ ಬೆಳೆಯುವ ವಿಚಿತ್ರ ಜೀವಿ ಇದು.

ಇದರ ಬಡ ನೆಂಟರನ್ನು ನೋಡಲು ದೂರ ಹೋಗಬೇಕಾಗಿಲ್ಲ. ರಾಮನಗರದ ರಾಮದೇವರ ಬೆಟ್ಟ, ಮಾಗಡಿಯ ಸಾವನದುರ್ಗ, ಕನಕಪುರದ ಕಬ್ಬಾಳದುರ್ಗ ಇವುಗಳ ಯಾವ ಬಂಡೆಯ ಬಳಿ ನಿಂತರೂ ಮೈತುಂಬ ಬೂದಿ, ಹಸಿರು, ಹಳದಿ ಮಚ್ಚೆಗಳು ಕಾಣುತ್ತವೆ. ಯಾರೋ ಸುಣ್ಣದ ನೀರು ಎರಚಿ ಹೋದಂತೆ, ಬಣ್ಣದ ಕುಂಚ ಒರೆಸಿದಂತೆ ತೋರುವ ಈ ಕಲೆಗಳು ಕಲ್ಲಿನ ಬಣ್ಣವಲ್ಲ, ಜೀವ ಇರುವ ಕಲ್ಲುಹೂವುಗಳು. ಮಳೆಗಾಲದಲ್ಲಿ ಅದೇ ಬಂಡೆಯ ಸಂದಿಯಲ್ಲಿ, ಹಳೆಯ ಮನೆಯ ಗೋಡೆಯ ಮೇಲೆ, ಬಾವಿಕಟ್ಟೆಯ ಮಗ್ಗುಲಲ್ಲಿ ಹಸಿರು ಮಖಮಲ್ಲಿನಂತೆ ಹಬ್ಬುವುದು ಹಾವಸೆ. ಜನ ಇದನ್ನು ಪಾಚಿ ಎಂದೇ ಕರೆಯುವುದುಂಟು. ಕಾಲು ಜಾರಿಸುವುದರ ಹೊರತು ಈ ಎರಡರಿಂದ ಬೇರೆ ಯಾವ ಕೆಲಸವನ್ನೂ ಜನ ನಿರೀಕ್ಷಿಸುವುದಿಲ್ಲ. ಆದರೆ ಕಳೆದ ಒಂದೂವರೆ ಶತಮಾನದಿಂದ ವಿಜ್ಞಾನಿಗಳು ಇವನ್ನು ಗಾಳಿಯ ಶಾನುಭೋಗರೆಂದು ನಂಬಿಕೊಂಡು ಬಂದಿದ್ದಾರೆ. ಯಾರೂ ಅಳೆಯದಿದ್ದ ಕಾಲದಲ್ಲೂ ಊರಿನ ಗಾಳಿಯಲ್ಲಿ ಏನು ಬಂತು, ಎಷ್ಟು ಬಂತು ಎಂಬುದು ಇವುಗಳ ಮೈಯಲ್ಲಿ ಜಮಾ ಆಗುತ್ತ ಹೋಗುತ್ತದೆ. ಈ ಲೆಕ್ಕವನ್ನು ಓದಲು ಬರುವವರು ಇರಬೇಕು, ಹೋಲಿಸಿ ನೋಡಲು ಹಳೆಯ ಪಟ್ಟಿಯೊಂದು ಇರಬೇಕು, ಅಷ್ಟೆ.

ಬೇರಿಲ್ಲದವರ ಬದುಕು

ಮರಗಿಡಗಳು ಬೇರಿನಿಂದ ನೀರು, ಲವಣಗಳನ್ನು ಹೀರುತ್ತವೆ. ಎಲೆಯ ಮೇಲೆ ಮೇಣದ ಪದರವಿದ್ದು, ಗಾಳಿಯೊಡನೆ ವ್ಯವಹಾರಕ್ಕೆ ಸಣ್ಣ ರಂಧ್ರಗಳಿರುತ್ತವೆ. ಬೇಡವಾದಾಗ ಆ ಬಾಗಿಲನ್ನು ಮುಚ್ಚಿಕೊಳ್ಳಬಹುದು. ಹಾವಸೆಗೆ ಈ ಅನುಕೂಲ ಯಾವುದೂ ಇಲ್ಲ. ಅದಕ್ಕೆ ನಿಜವಾದ ಬೇರಿಲ್ಲ. ಬೇರಿನಂತೆ ಕಾಣುವ ಎಳೆಗಳು ಕಲ್ಲಿಗೆ ಅಂಟಿಕೊಳ್ಳಲು ಮಾತ್ರ. ಎಲೆ ಸಾಮಾನ್ಯವಾಗಿ ಒಂದೇ ಕೋಶದಷ್ಟು ತೆಳು, ಮೇಲೆ ಮೇಣದ ರಕ್ಷಣೆ ಇಲ್ಲವೇ ಇಲ್ಲವೆನ್ನುವಷ್ಟು ಕಡಿಮೆ. ಮಳೆ, ಇಬ್ಬನಿ, ಧೂಳು ಏನು ಬಂದರೂ ಮೈಯೆಲ್ಲ ಬಾಯಾಗಿ ಹೀರಿಕೊಳ್ಳಬೇಕು. ಅದರ ಕೋಶಭಿತ್ತಿಯಲ್ಲಿರುವ ಋಣ ವಿದ್ಯುದಂಶದ ತಾಣಗಳು ಸೀಸ, ಸತು, ಕ್ಯಾಡ್ಮಿಯಂನಂಥ ಲೋಹದ ಕಣಗಳನ್ನು ಹಿಡಿದಿಟ್ಟುಕೊಳ್ಳುತ್ತವೆ. ಹೀಗಾಗಿ ಹಿಡಿ ಹಾವಸೆಯನ್ನು ತೊಳೆಯದೆ ಒಣಗಿಸಿ ಪ್ರಯೋಗಾಲಯದಲ್ಲಿ ಪರೀಕ್ಷಿಸಿದರೆ ಹಿಂದಿನ ಎರಡು ಮೂರು ವರ್ಷಗಳಲ್ಲಿ ಆ ಜಾಗದ ಗಾಳಿಯಿಂದ ಏನೇನು ಇಳಿಯಿತು ಎಂಬ ಅಂದಾಜು ಸಿಗುತ್ತದೆ.

ಕಲ್ಲುಹೂವಿನ ರೀತಿ ಬೇರೆ. ಅದು ಒಂದು ಜೀವಿಯಲ್ಲ, ಕೂಡು ಸಂಸಾರ. ಶಿಲೀಂಧ್ರವೊಂದು ಮನೆ ಕಟ್ಟಿಕೊಟ್ಟರೆ ಅದರೊಳಗೆ ಸೇರಿಕೊಂಡ ಶೈವಲ ಬಿಸಿಲಿನಲ್ಲಿ ಅಡಿಗೆ ಮಾಡುತ್ತದೆ. ಸ್ವಿಟ್ಜರ್ಲೆಂಡಿನ ಸೈಮನ್ ಶ್ವೆಂಡನರ್ 1860ರ ದಶಕದ ಕೊನೆಯಲ್ಲಿ ಈ ಮಾತನ್ನು ಹೇಳಿದಾಗ ಅಂದಿನ ದೊಡ್ಡ ಪಂಡಿತರೇ ನಕ್ಕಿದ್ದರು. ಕಲ್ಲಿದ್ದಲು ಉರಿದಾಗ ಹೊರಡುವ ಗಂಧಕದ ಡೈಆಕ್ಸೈಡ್ ತೇವದೊಡನೆ ಸೇರಿ ಆಮ್ಲವಾಗುತ್ತದೆ. ಅದು ಮೊದಲು ಕೆಡಿಸುವುದು ಶೈವಲದ ಪತ್ರಹರಿತ್ತನ್ನು. ಅಡಿಗೆಯವನು ಕಾಯಿಲೆ ಬಿದ್ದರೆ ಮನೆಯವರೆಲ್ಲ ಉಪವಾಸ. ಆದ್ದರಿಂದ ಕಲ್ಲುಹೂವು ಸಾಕ್ಷಿ ಹೇಳುವುದು ಇದ್ದು ಅಥವಾ ಇಲ್ಲವಾಗಿ. ನಾಜೂಕಿನ ಜಾತಿಗಳು ಮೊದಲು ಹೋಗುತ್ತವೆ, ಗಟ್ಟಿ ಜಾತಿಗಳು ಕೊನೆಯವರೆಗೂ ಉಳಿಯುತ್ತವೆ.

ಪ್ಯಾರಿಸ್ಸಿನ ತೋಟದಲ್ಲಿ

ಇದನ್ನು ಮೊದಲು ಗಮನಿಸಿದವರು ಹೊಗೆಯ ನಾಡಿನವರೇ. ಇಂಗ್ಲೆಂಡಿನ ಲಿಯೋ ಗ್ರಿಂಡನ್ 1859ರಲ್ಲಿ ಮ್ಯಾಂಚೆಸ್ಟರ್ ಸುತ್ತಲಿನ ಸಸ್ಯಗಳ ಬಗ್ಗೆ ಬರೆಯುತ್ತ, ಹಳೆಯ ಕಾಡು ಕಡಿದದ್ದರಿಂದಲೂ ಕಾರ್ಖಾನೆಗಳ ಹೊಗೆಯಿಂದಲೂ ಕಲ್ಲುಹೂವುಗಳು ಕಡಿಮೆಯಾಗಿವೆ ಎಂದು ದಾಖಲಿಸಿದ. ಆದರೆ ಈ ವಿಷಯದಲ್ಲಿ ಮೂಲಪುರುಷನೆಂದು ಹೆಸರಾದವನು ವಿಲಿಯಂ ನೈಲಾಂಡರ್. ಫಿನ್ಲೆಂಡಿನಲ್ಲಿ ಹುಟ್ಟಿ ಪ್ಯಾರಿಸ್ಸಿನಲ್ಲಿ ನೆಲೆಸಿದ ಈತ 1866ರಲ್ಲಿ ಅಲ್ಲಿನ ಲಕ್ಸೆಂಬರ್ಗ್ ಉದ್ಯಾನದ ಮರಗಳನ್ನು ಒಂದೊಂದಾಗಿ ನೋಡಿ ಕಲ್ಲುಹೂವುಗಳ ಪಟ್ಟಿ ಮಾಡಿದ. ನಗರದ ಬೇರೆ ಕಡೆ ಕಾಣದ ಜಾತಿಗಳು ಅಲ್ಲಿದ್ದವು. ಇವು ಗಾಳಿಯ ಆರೋಗ್ಯವನ್ನು ಅಳೆಯುವ ಮಾಪಕಗಳೆಂದು ಆತ ಬರೆದ. ಮೂವತ್ತು ವರ್ಷದ ಮೇಲೆ, 1896ರ ಹೊತ್ತಿಗೆ, ಅದೇ ಉದ್ಯಾನದಿಂದ ಅವೆಲ್ಲ ಮಾಯವಾಗಿದ್ದವು. ವಿಪರ್ಯಾಸವೆಂದರೆ, ಶ್ವೆಂಡನರನ ಕೂಡು ಸಂಸಾರದ ಮಾತನ್ನು ಕೊನೆಯವರೆಗೂ ಒಪ್ಪದವರಲ್ಲಿ ಈ ನೈಲಾಂಡರನೂ ಒಬ್ಬ. ವಾದದಲ್ಲಿ ಆತ ಸೋತರೂ ಆತ ಬರೆದಿಟ್ಟ ಪಟ್ಟಿ ಮಾತ್ರ ಗೆದ್ದಿತು. 1866ರಲ್ಲಿ ಯಾರೂ ಬರೆದಿಡದೆ ಹೋಗಿದ್ದರೆ 1896ರಲ್ಲಿ ಏನೋ ಕಳೆದುಹೋಗಿದೆ ಎಂಬುದೇ ಯಾರಿಗೂ ತಿಳಿಯುತ್ತಿರಲಿಲ್ಲ.

1926ರಲ್ಲಿ ಸ್ವೀಡನ್ನಿನ ರುಟ್ಗರ್ ಸರ್ನಾಂಡರ್ ಸ್ಟಾಕ್‌ಹೋಂ ನಗರವನ್ನು ಮೂರು ವಲಯಗಳಾಗಿ ಗುರುತಿಸಿದ. ನಡುವೆ ಮರದ ಕಾಂಡಗಳು ಬೋಳಾದ ಕಲ್ಲುಹೂವಿನ ಮರುಭೂಮಿ, ಅದರ ಸುತ್ತ ಅವು ಬದುಕಲು ಹೆಣಗುವ ವಲಯ, ಆಚೆಗೆ ಸಹಜವಾಗಿ ಬೆಳೆಯುವ ವಲಯ. 1970ರಲ್ಲಿ ಡೇವಿಡ್ ಹಾಕ್ಸ್‌ವರ್ತ್ ಮತ್ತು ಫ್ರಾನ್ಸಿಸ್ ರೋಸ್ ಇಂಗ್ಲೆಂಡ್ ಮತ್ತು ವೇಲ್ಸ್ ಪ್ರದೇಶಕ್ಕೆ ಸೊನ್ನೆಯಿಂದ ಹತ್ತರವರೆಗಿನ ಅಳತೆಗೋಲನ್ನೇ ಮಾಡಿಕೊಟ್ಟರು. ಯಾವ ಜಾತಿ ಕಂಡರೆ ಗಾಳಿಯಲ್ಲಿ ಗಂಧಕದ ಡೈಆಕ್ಸೈಡ್ ಸುಮಾರು ಎಷ್ಟಿದೆ ಎಂದು ಅದರಿಂದ ಹೇಳಬಹುದಿತ್ತು. ಇಂಥ ಸರಳ ಉಪಾಯ ಹಿಡಿದು ಆ ದಶಕದ ಆರಂಭದಲ್ಲಿ ಬ್ರಿಟನ್ನಿನ ಸಾವಿರಾರು ಶಾಲಾ ಮಕ್ಕಳು ತಮ್ಮ ಊರಿನ ಮರ, ಗೋಡೆಗಳನ್ನು ನೋಡಿ ದೇಶದ ಗಾಳಿಯ ನಕ್ಷೆ ತಯಾರಿಸಲು ನೆರವಾದರು.

ಒಣಗಿದ ಹಾವಸೆ ಹೇಳಿದ ಕಥೆ

ಹಾವಸೆಯ ಸರದಿ ಬಂದದ್ದು 1968ರಲ್ಲಿ. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ಓಕೆ ರ್‍ಯೂಲಿಂಗ್ ಮತ್ತು ಗೆರ್ಮುಂಡ್ ಟೀಲರ್ ಗಾಳಿಯಲ್ಲಿನ ಸೀಸವನ್ನು ಅಳೆಯಲು ಹಾವಸೆಯನ್ನು ಆರಿಸಿಕೊಂಡರು. ಅವರು ತಮ್ಮ ಕಾಲದ ಹಾವಸೆಯೊಂದನ್ನೇ ನೋಡಿ ತೃಪ್ತರಾಗಲಿಲ್ಲ. ಹಿಂದಿನ ಸಸ್ಯವಿಜ್ಞಾನಿಗಳು ಹರ್ಬೇರಿಯಂಗಳಲ್ಲಿ, ಅಂದರೆ ಸಸ್ಯಗಳನ್ನು ಒಣಗಿಸಿ ದಿನಾಂಕ, ಊರಿನ ಹೆಸರು ಬರೆದು ಕಾಗದದಲ್ಲಿ ಕಾಪಾಡುವ ಸಂಗ್ರಹಗಳಲ್ಲಿ, ಇಟ್ಟುಹೋಗಿದ್ದ ಹಾವಸೆಯ ಚೂರುಗಳನ್ನೂ ಪರೀಕ್ಷಿಸಿದರು. 1860ರಿಂದ ಮೊದಲಾದ ಆ ಚೂರುಗಳಲ್ಲಿ ಸೀಸ ಎರಡು ಮೆಟ್ಟಿಲಾಗಿ ಏರಿತ್ತು. ಹತ್ತೊಂಬತ್ತನೇ ಶತಮಾನದ ಕೊನೆಯ ಏರಿಕೆಗೆ ಕಲ್ಲಿದ್ದಲು ಕಾರಣ, ಇಪ್ಪತ್ತನೇ ಶತಮಾನದ ನಡುವಿನ ಏರಿಕೆಗೆ ಸೀಸ ಬೆರೆತ ಪೆಟ್ರೋಲು ಕಾರಣ ಎಂದು ಅವರು ತೀರ್ಮಾನಿಸಿದರು. ಅವನ್ನು ಒಣಗಿಸಿಟ್ಟವರಿಗೆ ಮಾಲಿನ್ಯದ ಯೋಚನೆಯೇ ಇರಲಿಲ್ಲ. ದಿನಾಂಕ, ಜಾಗ ಎರಡನ್ನೂ ಸರಿಯಾಗಿ ಬರೆದಿದ್ದರು, ಅದೇ ಸಾಕಾಯಿತು.

ಹಾವಸೆ ಬೆಳೆಯದ ಜಾಗಕ್ಕೂ ಉಪಾಯ ಸಿಕ್ಕಿತು. ವೇಲ್ಸಿನ ಸ್ವಾನ್ಸಿ ಕಣಿವೆಯ ಲೋಹದ ಕಾರ್ಖಾನೆಗಳ ಸುತ್ತ ಶುದ್ಧ ಹಾವಸೆಯನ್ನು ಬಲೆಯ ಚೀಲದಲ್ಲಿ ತುಂಬಿ ನೇತುಹಾಕಿ, ಆಮೇಲೆ ಬಿಚ್ಚಿ ಪರೀಕ್ಷಿಸುವ ಕ್ರಮವನ್ನು ಗುಡ್‌ಮನ್ ಮತ್ತು ರಾಬರ್ಟ್ಸ್ 1971ರಲ್ಲಿ ಪ್ರಕಟಿಸಿದರು. 1990ರಿಂದ ಯೂರೋಪಿನ ಹಲವು ದೇಶಗಳು ಐದು ವರ್ಷಕ್ಕೊಮ್ಮೆ ಒಂದೇ ಕ್ರಮದಲ್ಲಿ ಹಾವಸೆ ಕಲೆಹಾಕಿ ಲೋಹಗಳ ಲೆಕ್ಕ ನೋಡುತ್ತ ಬಂದಿವೆ. ಹೊಗೆಗೆ ಗಡಿಯಿಲ್ಲ, ಒಬ್ಬರ ಚಿಮಣಿಯ ಮಸಿ ಇನ್ನೊಬ್ಬರ ಹೊಲಕ್ಕೆ ಬೀಳುತ್ತದೆ ಎಂಬ ಜಗಳ ತೀರಿಸಲು ಈ ನಕ್ಷೆಗಳು ಬೇಕಾದವು.

ಅಮೆರಿಕದ ಪೋರ್ಟ್‌ಲೆಂಡ್ ನಗರದಲ್ಲಿ ನಡೆದದ್ದು ಇನ್ನೂ ಹತ್ತಿರದ ಪಾಠ. ಅಲ್ಲಿನ ಅರಣ್ಯ ಸೇವೆಯ ವಿಜ್ಞಾನಿಗಳು 2013ರ ಡಿಸೆಂಬರಿನಲ್ಲಿ ಬೀದಿ ಮರಗಳಿಂದ 346 ಹಾವಸೆ ಮಾದರಿಗಳನ್ನು ಕಿತ್ತು ಪರೀಕ್ಷಿಸಿದರು. ಎರಡು ಕಡೆ ಕ್ಯಾಡ್ಮಿಯಂ ವಿಪರೀತ ಹೆಚ್ಚಿತ್ತು. ಹುಡುಕಿದರೆ ಎರಡರ ಹತ್ತಿರವೂ ಬಣ್ಣದ ಗಾಜು ಮಾಡುವ ಘಟಕಗಳು. ನಗರದಲ್ಲಿ ಅಧಿಕೃತ ಮಾಪನ ಯಂತ್ರ ಇರಲಿಲ್ಲವೆಂದಲ್ಲ. ಇದ್ದ ಯಂತ್ರ ಆ ಬೀದಿಗಳಲ್ಲಿ ಇರಲಿಲ್ಲ. 2016ರಲ್ಲಿ ಈ ವಿಷಯ ಹೊರಬಿದ್ದ ಮೇಲೆ ಯಂತ್ರಗಳು ಅಲ್ಲಿಗೆ ಬಂದವು, ಕೈಗಾರಿಕೆಗಳ ವಿಷಗಾಳಿಯ ಬಗ್ಗೆ ರಾಜ್ಯದ ನಿಯಮಗಳೇ ಬದಲಾದವು.

ಲಾಲ್‌ಬಾಗಿನ ಪಟ್ಟಿ

ಭಾರತದಲ್ಲೂ ಈ ಕೆಲಸ ನಡೆದಿದೆ. ಬರೇಲಿಯ ಸಂಶೋಧಕರು ಕುಮಾವೂ ಬೆಟ್ಟಗಳಲ್ಲಿ ಹಾವಸೆಯ ಮೂಲಕ ಲೋಹಗಳನ್ನು ಅಳೆದಿದ್ದಾರೆ. ಲಖನೌದ ರಾಷ್ಟ್ರೀಯ ಸಸ್ಯವಿಜ್ಞಾನ ಸಂಶೋಧನಾ ಸಂಸ್ಥೆ ಕಲ್ಲುಹೂವುಗಳ ಅಧ್ಯಯನಕ್ಕೆ ಹೆಸರಾದದ್ದು. ಕರ್ನಾಟಕದ ಮಟ್ಟಿಗೆ ಎದ್ದು ಕಾಣುವ ಉದಾಹರಣೆ ಬೆಂಗಳೂರಿನದೇ. ಆ ಸಂಸ್ಥೆಯ ಸಂಜೀವ ನಾಯಕ, ಡಿ.ಕೆ. ಉಪ್ರೇತಿ ಮೊದಲಾದವರು ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರೊಡನೆ ಸೇರಿ ಬರೆದ ಅಧ್ಯಯನ 2003ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಬೆಂಗಳೂರಿನ ಹಲವು ಬೀದಿಗಳ ಮರಗಳಲ್ಲಿ ಯಾವ ಕಲ್ಲುಹೂವುಗಳಿವೆ, ಅವುಗಳಲ್ಲಿ ಭಾರಲೋಹಗಳು ಎಷ್ಟು ಸೇರಿವೆ ಎಂಬುದನ್ನು ಅದು ನೋಡಿತು. ಅದರ ಮುಖ್ಯ ಭಾಗ ಲಾಲ್‌ಬಾಗಿಗೆ ಸಂಬಂಧಿಸಿದ್ದು. ಹೈದರಾಲಿಯ ಕಾಲದಿಂದ ಬಂದ ಆ ತೋಟದಲ್ಲಿ ಸುಮಾರು ಎರಡು ದಶಕ ಹಿಂದೆ ಸಿಕ್ಕಿದ್ದ ಕಲ್ಲುಹೂವುಗಳ ದಾಖಲೆ ಇತ್ತು. ಅದನ್ನು ಎದುರಿಗಿಟ್ಟುಕೊಂಡು ನೋಡಿದಾಗ ಅವುಗಳ ಸಂಸಾರ ಬದಲಾಗಿರುವುದು ತಿಳಿದುಬಂತು.

ಪ್ಯಾರಿಸ್ಸಿನಲ್ಲಿ ನಡೆದ ರೀತಿಯೇ ಇಲ್ಲೂ ನಡೆದಿದೆ. ಹಳೆಯ ಪಟ್ಟಿ ಇದ್ದುದರಿಂದ ಬದಲಾವಣೆ ಕಂಡಿತು. ದೇಶದಲ್ಲೆಲ್ಲ ಸೀಸದ ಪೆಟ್ರೋಲು ನಿಂತದ್ದು 2000ದ ಫೆಬ್ರವರಿಯಲ್ಲಿ. ಅದಕ್ಕಿಂತ ಮೊದಲಿನ ದಶಕಗಳಲ್ಲಿ ಯಾವ ಊರಿನ ಗೋಡೆಯ ಮೇಲೆ ಎಷ್ಟು ಸೀಸ ಕೂತಿತು ಎಂದು ಇಂದು ತಿಳಿಯಬೇಕಾದರೆ ಅಂದು ಕಿತ್ತು, ದಿನಾಂಕ ಬರೆದು ಒಣಗಿಸಿಟ್ಟ ಚೂರುಗಳೇ ದಾರಿ.

ನಾಲ್ಕು ತಾಲ್ಲೂಕುಗಳ ಗಾಳಿ

ಲಾಲ್‌ಬಾಗಿನ ಬಂಡೆಯ ಮೇಲೆ ಕೆಂಪೇಗೌಡರ ಹೆಸರಿನ ಗೋಪುರವಿದೆ. ಅದೇ ಮನೆತನ ಬೆಂಗಳೂರನ್ನು ಬಿಜಾಪುರದವರಿಗೆ ಬಿಟ್ಟುಕೊಟ್ಟ ಮೇಲೆ ನೆಲೆ ನಿಂತದ್ದು ಮಾಗಡಿಯಲ್ಲಿ. ಇಂದು ಬೆಂಗಳೂರೇ ಆ ದಾರಿ ಹಿಡಿದು ಮಾಗಡಿ, ರಾಮನಗರಗಳತ್ತ ಬರುತ್ತಿದೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳು 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರೆಯಾಗಿ ರಾಮನಗರ ಜಿಲ್ಲೆಯಾದವು. 2025ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಾಯಿತು. ಹೆಸರು ಬರುವ ಮೊದಲೇ ನಗರದ ಗಾಳಿ ಬಂದಿತ್ತು. ನಗರದಿಂದ ಐವತ್ತು ಅರವತ್ತು ಕಿಲೋಮೀಟರ್ ನೈಋತ್ಯ, ಪಶ್ಚಿಮ, ದಕ್ಷಿಣಕ್ಕಿರುವ ಈ ಊರುಗಳ ಕಡೆಗೆ ಚಳಿಗಾಲದಲ್ಲಿ ಈಶಾನ್ಯದ ಗಾಳಿ ಬೀಸುತ್ತದೆ. ಧೂಳನ್ನು ತೊಳೆಯಲು ಆಗ ಮಳೆಯೂ ಕಡಿಮೆ.

ಊರಿನದೇ ಆದ ಹೊಗೆ, ಧೂಳುಗಳೂ ಇವೆ. ರೇಷ್ಮೆಗೂಡು ಬೇಯಿಸುವ ಒಲೆಗಳ ಹೊಗೆ ರಾಮನಗರಕ್ಕೆ ಹೊಸದಲ್ಲ. ಬಿಡದಿ, ಹಾರೋಹಳ್ಳಿಗಳಲ್ಲಿ ಕೈಗಾರಿಕಾ ಪ್ರದೇಶಗಳು ಬೆಳೆದಿವೆ. ಕನಕಪುರದ ಕಡೆ ಕಲ್ಲು ಕ್ವಾರಿಗಳು, ಜಲ್ಲಿ ಕ್ರಷರುಗಳು. 2023ರ ಮಾರ್ಚಿಯಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿ ರಾಮನಗರ, ಚನ್ನಪಟ್ಟಣಗಳನ್ನು ಬಳಸಿ ಹೋಗುತ್ತದೆ. ಊರೊಳಗಿನ ಹಳೆಯ ರಸ್ತೆಯ ವಾಹನಗಳ ಹೊಗೆಯಲ್ಲಿ ಒಂದು ಪಾಲು ಹೊಲ, ತೋಟಗಳ ನಡುವಿನ ಬೈಪಾಸಿಗೆ ವರ್ಗವಾಗಿದೆ ಎಂದೇ ಅರ್ಥ. ಹಳೆಯ ರಸ್ತೆಯ ಸಾಲುಮರಗಳಲ್ಲಿ ಕಲ್ಲುಹೂವು ಮರಳುತ್ತದೆಯೇ, ಬೈಪಾಸಿನ ಅಂಚಿನ ಮರಗಳಲ್ಲಿ ಕ್ಷೀಣಿಸುತ್ತದೆಯೇ ಎಂದು ನೋಡಲು ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಬೇಕಿಲ್ಲ.

ಗಾಳಿ ಕೆಟ್ಟರೆ ಇಲ್ಲಿ ಹೋಗುವುದು ಬರೀ ಬಂಡೆಯ ಬಣ್ಣವಲ್ಲ. ರೇಷ್ಮೆಹುಳು ಸಾಕುವವರಿಗೆ ಇದು ಚೆನ್ನಾಗಿ ಗೊತ್ತು. ಚಾಕಿ ಹುಳುವಿನಿಂದ ಹಿಡಿದು ನಾಲ್ಕು ಜ್ವರ ದಾಟಿ ಹಣ್ಣಾಗಿ ಚಂದ್ರಿಕೆಗೆ ಏರುವವರೆಗೆ ಹುಳು ತಿನ್ನುವುದು ಹಿಪ್ಪುನೇರಳೆ ಸೊಪ್ಪೊಂದನ್ನೇ. ಧೂಳು ಕೂತ ಸೊಪ್ಪು, ಪಕ್ಕದ ಹೊಲದಲ್ಲಿ ಔಷಧ ಹೊಡೆದಾಗ ತಾಗಿದ ಸೊಪ್ಪು ಹಾಕಿದರೆ ಬೆಳೆ ಕೈಕೊಡುತ್ತದೆ. ಫ್ಲೋರೈಡಿಗಂತೂ ರೇಷ್ಮೆಹುಳು ಬಹಳ ಸೂಕ್ಷ್ಮ. ಇಟ್ಟಿಗೆ ಸುಡುವಾಗ ಮಣ್ಣಿನಲ್ಲಿರುವ ಫ್ಲೋರೈಡ್ ಹೊಗೆಯೊಡನೆ ಹೊರಟು ಸೊಪ್ಪಿಗೆ ಸೇರುತ್ತದೆ. ಒಣ ಸೊಪ್ಪಿನ ಹತ್ತು ಲಕ್ಷ ಪಾಲಿಗೆ ಸುಮಾರು 30 ಪಾಲು ದಾಟಿತೆಂದರೆ ಹುಳು ಸೊರಗುತ್ತದೆ. ಚೀನಾದ ಝೇಜಿಯಾಂಗ್ ಪ್ರಾಂತದ ರೇಷ್ಮೆ ಸೀಮೆ 1980ರ ದಶಕದ ಆರಂಭದಲ್ಲಿ ಇಟ್ಟಿಗೆ ಗೂಡುಗಳ ಹೊಗೆಯಿಂದ ಇಂಥ ದೊಡ್ಡ ನಷ್ಟ ಅನುಭವಿಸಿತು. ಹುಳು ಸತ್ತ ಮೇಲೆ ಕಾರಣ ತಿಳಿದರೆ ಆ ಬೆಳೆಯ ಸಾಲ ತೀರುವುದಿಲ್ಲ. ತೋಟದ ಬದುವಿನ ಹಾವಸೆ ಅದನ್ನು ಮೊದಲೇ ಹೇಳಬಲ್ಲುದಾದರೆ ಕೇಳುವುದು ಲಾಭವೇ.

ಲೆಕ್ಕ ಇಡುವುದರ ಬೆಲೆ ಏನೆಂಬುದನ್ನು ರಾಮದೇವರ ಬೆಟ್ಟದ ರಣಹದ್ದುಗಳೂ ಹೇಳುತ್ತವೆ. ಇವುಗಳಿಗಾಗಿಯೇ 2012ರಲ್ಲಿ ಅಲ್ಲಿ ವನ್ಯಧಾಮ ಘೋಷಣೆಯಾಯಿತು. ದೇಶದಾದ್ಯಂತ ರಣಹದ್ದುಗಳು ಕುಸಿಯುತ್ತಿರುವುದು ಖಚಿತವಾದದ್ದು ರಾಜಸ್ಥಾನದ ಭರತಪುರದಲ್ಲಿ 1980ರ ದಶಕದಲ್ಲೇ ಎಣಿಸಿಟ್ಟ ಸಂಖ್ಯೆಯನ್ನು ಮುಂದಿನ ದಶಕದ ಸಂಖ್ಯೆಯೊಡನೆ ಹೋಲಿಸಿದಾಗ. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಔಷಧ ಕಾರಣವೆಂದು ತಿಳಿದು 2006ರಲ್ಲಿ ಅದಕ್ಕೆ ನಿಷೇಧ ಬಂತು. ಅಷ್ಟರಲ್ಲಿ ಬಹುಪಾಲು ಹದ್ದುಗಳು ಹೋಗಿಯಾಗಿತ್ತು.

ಏಣಿ ಚೌಕಟ್ಟು, ದಾರ, ನೋಟ್‌ಪುಸ್ತಕ

ಹಾವಸೆ, ಕಲ್ಲುಹೂವುಗಳ ಸಾಕ್ಷ್ಯಕ್ಕೆ ಮಿತಿಗಳಿವೆ. ಶ್ವಾಸಕೋಶಕ್ಕೆ ಇಳಿಯುವ ಅತಿಸಣ್ಣ ಕಣಗಳು ಈ ಗಂಟೆಯಲ್ಲಿ ಎಷ್ಟಿವೆ ಎಂದು ಅವು ಹೇಳಲಾರವು. ಅದಕ್ಕೆ ಯಂತ್ರವೇ ಬೇಕು. ಕಾನೂನಿನ ಮಿತಿ ಮೀರಿದೆಯೇ ಎಂಬ ಪ್ರಶ್ನೆಗೆ ನ್ಯಾಯಾಲಯ ಒಪ್ಪುವುದೂ ಯಂತ್ರದ ಅಂಕಿಯನ್ನೇ. ಕಲ್ಲುಹೂವು ಕಾಣೆಯಾಗಲು ಹೊಗೆಯೇ ಕಾರಣವಾಗಬೇಕೆಂದಿಲ್ಲ. ಬರ, ನೆರಳು ಕೊಡುವ ಮರ ಕಡಿದದ್ದು, ಕಾಂಡಕ್ಕೆ ಸುಣ್ಣ ಬಳಿದದ್ದು ಯಾವುದಾದರೂ ಆಗಬಹುದು. ಯೂರೋಪಿನ ಅಳತೆಗೋಲನ್ನು ಹಾಗೆಯೇ ಇಲ್ಲಿ ಹಿಡಿಯಲೂ ಆಗದು. ಅಲ್ಲಿ ವರ್ಷವಿಡೀ ತೇವ. ಇಲ್ಲಿ ಹಾವಸೆ ಮಳೆಗಾಲದಲ್ಲಿ ಎದ್ದು, ಬೇಸಿಗೆಯಲ್ಲಿ ಒಣಗಿ ಸತ್ತಂತೆ ಬಿದ್ದು, ಮೊದಲ ಮಳೆಗೆ ಮತ್ತೆ ಜೀವ ಹಿಡಿಯುತ್ತದೆ.

ಆದರೂ ಇವುಗಳ ಅಗತ್ಯ ತಪ್ಪುವುದಿಲ್ಲ. ಯಂತ್ರ ದುಬಾರಿ, ತಾನು ನಿಂತ ಜಾಗದ ಗಾಳಿಯನ್ನಷ್ಟೇ ಅಳೆಯುತ್ತದೆ. 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮಕ್ಕೆ ಕರ್ನಾಟಕದಿಂದ ಸೇರಿದ್ದು ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ, ಕಲಬುರಗಿ ಎಂಬ ನಾಲ್ಕು ನಗರಗಳು. ಹಳ್ಳಿಹಳ್ಳಿಗೆ, ತೋಟತೋಟಕ್ಕೆ ಯಂತ್ರ ಬರುವುದಿಲ್ಲ. ಹಾವಸೆ ಆಗಲೇ ಅಲ್ಲಿದೆ, ಕರೆಂಟು ಬೇಡ, ಸಂಬಳವೂ ಬೇಡ. ಎಲ್ಲಿ ಕಷ್ಟವಿದೆ ಎಂದು ಅದು ಬೆರಳು ತೋರಿಸಿದರೆ ಯಂತ್ರವನ್ನು ಅಲ್ಲಿಗೆ ಒಯ್ಯಬಹುದು.

ಕಲ್ಲುಹೂವು ಎಣಿಸುವ ಸಾಧನವೂ ಸರಳ. ಹತ್ತು ಸೆಂಟಿಮೀಟರಿನ ಐದು ಚೌಕಗಳನ್ನು ಏಣಿಯಂತೆ ಒಂದರ ಮೇಲೊಂದು ಜೋಡಿಸಿದ ಚೌಕಟ್ಟು ಸಾಕು. ಅದನ್ನು ಮರದ ಕಾಂಡಕ್ಕೆ ನಾಲ್ಕು ದಿಕ್ಕಿನಿಂದಲೂ ಹಿಡಿದು, ಯಾವ ಜಾತಿ ಎಷ್ಟು ಚೌಕದಲ್ಲಿದೆ ಎಂದು ಬರೆದುಕೊಳ್ಳುತ್ತಾರೆ. ತಂತಿ ಅಥವಾ ದಾರದಲ್ಲಿ ಹೈಸ್ಕೂಲು ಮಕ್ಕಳೂ ಮಾಡಿಕೊಳ್ಳಬಹುದಾದ ಸಾಧನ ಇದು. ಜಾತಿ ಗುರುತಿಸಲು ಒಬ್ಬ ಸಸ್ಯಶಾಸ್ತ್ರದ ಅಧ್ಯಾಪಕರ ನೆರವು ಬೇಕು. ಬಸ್ ನಿಲ್ದಾಣದ ಹೊಂಗೆ, ಹಳೆಯ ರಸ್ತೆಯ ಹುಣಸೆ, ಬೆಟ್ಟದ ಬುಡದ ಮಾವು, ಹೀಗೆ ಹೊಗೆಯ ಜಾಗದಿಂದ ಕಾಡಿನ ಕಡೆಗೆ ಸಾಲಾಗಿ ನೋಡುತ್ತ ಹೋದರೆ ಒಂದು ಊರಿನ ಪಟ್ಟಿ ಸಿದ್ಧವಾಗುತ್ತದೆ. ಜೊತೆಗೆ ಒಂದು ಚಿಟಿಕೆ ಹಾವಸೆ ಒಣಗಿಸಿ, ಕಾಗದದ ಲಕೋಟೆಯಲ್ಲಿಟ್ಟು, ಊರು ಮತ್ತು ದಿನಾಂಕ ಬರೆದು ಕಾಲೇಜಿನ ಹರ್ಬೇರಿಯಂಗೆ ಕೊಟ್ಟರೆ ಐವತ್ತು ವರ್ಷದ ಮೇಲೂ ಅದನ್ನು ಪರೀಕ್ಷಿಸಬಹುದು. ಬಂಡೆಯ ಮೇಲಿನದನ್ನು ಕೆರೆಯಬೇಕಾಗಿಲ್ಲ. ವರ್ಷಕ್ಕೆ ಒಂದೆರಡು ಮಿಲಿಮೀಟರಿಗಿಂತ ಹೆಚ್ಚು ಬೆಳೆಯದ ಎಷ್ಟೋ ಜಾತಿಗಳಿವೆ, ಅಂಗೈಯಗಲದ ಮಚ್ಚೆಗೆ ಅಜ್ಜನ ವಯಸ್ಸಾಗಿರುತ್ತದೆ. ಫೋಟೋ ತೆಗೆದು ಅಳತೆ ಬರೆದುಕೊಂಡರೆ ಸಾಕು.

ರಾಮನಗರದ ಬಂಡೆಗಳಿಗೆ ಸುಮಾರು 250 ಕೋಟಿ ವರ್ಷ. ಊರಿಗೆ ಕ್ಲೋಸ್‌ಪೇಟೆ ಎಂಬ ಹೆಸರಿದ್ದ ಕಾಲದ ನೆನಪಾಗಿ ಭೂವಿಜ್ಞಾನಿಗಳು ಇವತ್ತಿಗೂ ಅದನ್ನು ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಕರೆಯುತ್ತಾರೆ. ಕಲ್ಲಿನ ವಯಸ್ಸು ಪುಸ್ತಕಗಳಲ್ಲಿ ದಾಖಲಾಗಿದೆ, ಅದು ಎಲ್ಲಿಗೂ ಓಡಿಹೋಗುವುದಿಲ್ಲ. ಅದರ ಮೈಮೇಲಿನ ಮಚ್ಚೆಗಳ ಪಟ್ಟಿಗೆ ಮಾತ್ರ ಅವಸರವಿದೆ. ಪ್ಯಾರಿಸ್ಸಿನ ಲಕ್ಸೆಂಬರ್ಗ್ ಉದ್ಯಾನದ ಮರಗಳಿಗೆ ಕಲ್ಲುಹೂವುಗಳು ಮತ್ತೆ ಬಂದಿವೆ ಎಂದು 1991ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು. ಕಲ್ಲಿದ್ದಲ ಹೊಗೆ ಇಳಿದ ಮೇಲೆ, ಸುಮಾರು ನೂರು ವರ್ಷದ ಅಜ್ಞಾತವಾಸ ಮುಗಿಸಿ ಅವು ಮರಳಿದ್ದವು. ಅವು ಮರಳಿದವೆಂದು ಹೇಳಲು ಸಾಧ್ಯವಾದದ್ದು ನೈಲಾಂಡರ್ 1866ರಲ್ಲಿ ಮರಮರಕ್ಕೂ ಹೋಗಿ ಬರೆದಿಟ್ಟಿದ್ದರಿಂದ.